ತಂಗಿದ ಚೆಂಡು

ಬೀದರದ ಕೆಂಪು ಮುರ್ರಂ ನೆಲ.
ಸುಣ್ಣದ ಗೆರೆ ಹಾಕಿದರೆ ಅರ್ಧ ತಾಸಿಗೆ ಗುಲಾಬಿ.
ಹೋಮ್ ಪ್ಲೇಟಿನೆದುರು ಕುಕ್ಕರಗಾಲಿನಲ್ಲಿ ಕೂತು
ಪೇಂಟಿನಂಗಡಿಯ ಎರಡಿಂಚಿನ ಬ್ರಷ್ಷಿನಿಂದ
ಧೂಳು ಹೊಡೆಯುವ ಅಂಪೈರರ ಹೆಸರು ಧೂಳಪ್ಪ.
ಈ ಜೋಕು ಹಳೆಯದು. ಅವರೇ ಮೊದಲು ಹೇಳಿ ಮುಗಿಸುತ್ತಾರೆ,
ಹುಡುಗರಿಗೆ ಉಳಿಯದಿರಲೆಂದು.

ನಾನು ಸ್ಕೋರು ಬರೆಯುವವಳು. ಬೇವಿನ ನೆರಳು, ಮಡಚುವ ಮೇಜು,
ಹಾಳೆ ಹಾರದಂತೆ ಮೇಲೊಂದು ಮೂಸಂಬಿ.
ಭಾಲ್ಕಿ ನಾಲ್ಕು, ಹುಮನಾಬಾದ ನಾಲ್ಕು.
ಕೊನೆಯ ಇನಿಂಗ್ಸು, ಎರಡು ಔಟು.
ಮೂರನೇ ಬೇಸಿನಲ್ಲಿ ಮುಜಮ್ಮಿಲ್,
ಒಂದು ಕಾಲು ಚೀಲದ ಮೇಲೆ, ಇನ್ನೊಂದು ಮನೆ ಕಡೆ.
ಬ್ಯಾಟು ಹಿಡಿದವನು ಝರೆಪ್ಪ;
ಎರಡು ಸ್ಟ್ರೈಕು ಆಗಲೇ ತಿಂದಿದ್ದಾನೆ.

ತುಳಜಾರಾಮ ಎಸೆದ.
ಚೆಂಡು ನೆಟ್ಟಗೆ ಬಂದು ಕಡೆಗಳಿಗೆಯಲ್ಲಿ ಸುಳ್ಳು ಹೇಳಿತು.
ಝರೆಪ್ಪ ಬೀಸಿದ್ದು ಬರೀ ಗಾಳಿ.
ಭಾಲ್ಕಿಯವರು ಟೊಪ್ಪಿಗೆ ತೂರಿದ್ದೂ ಆಯಿತು.
ಆದರೆ ಚೆಂಡು ನೆಲಕ್ಕೆ ಪುಟಿದು,
ಕ್ಯಾಚರ್ ಇಮ್ಮಾನುವೆಲನ ಗ್ಲೌಸಿನ ಅಂಚು ಸವರಿ,
ಧೂಳಪ್ಪನವರ ಮುಖದ ಜಾಳಿಯೊಳಗೆ
ಎರಡು ಸರಳಿನ ನಡುವೆ ಹೊಕ್ಕು ಕೂತಿತು.

ಏರ್‌ಫೋರ್ಸಿನ ಎಳೆ ಹುಡುಗರು ವಿಮಾನ ಕಲಿಯುವ ಹೊತ್ತು.
ಒಂದು ತಲೆ ಮೇಲೆ ಹೋಯಿತು. ಅದರ ಸದ್ದಿನೊಳಗೆ
ಧೂಳಪ್ಪ ಎರಡೂ ಕೈ ಎತ್ತಿ ಏನೋ ಅಂದರು,
ಚೆಂಡಿಗಷ್ಟೇ ಕೇಳಿಸಿರಬೇಕು.
ಮುಖವಾಡ ತೆಗೆದರು. ಟಪ್ಪನೆ ಬಿತ್ತು.
ಇಮ್ಮಾನುವೆಲ್ ಎತ್ತಿ ಝರೆಪ್ಪನ ಬೆನ್ನಿಗೆ ಮುಟ್ಟಿಸಿ
‘ಔಟ್!’ ಎಂದು ಕೂಗಿದ.

ಬೇಸಿನ ಅಂಪೈರು, ಸುರಪುರದ ಮಾಳಪ್ಪ, ಓಡಿ ಬಂದರು.
‘ಬಿದ್ದದಲ್ರಿ ಸರ್. ಬಿದ್ದದ್ದು ಸಿಕ್ಕಿತ್ತು ಅಂತ ಹೆಂಗ ಅನ್ನೋದು?’
‘ನಾ ತಗದಿದ್ದಕ್ಕ ಬಿತ್ತು.’
‘ಎಷ್ಟೊತ್ತು ಇತ್ತ್ರಿ?’
‘ಒಂದು ಉಸುರು.’

ನಿಯಮದ ಪುಸ್ತಕ ಝೆರಾಕ್ಸು; ಇಂಗ್ಲಿಷಿನ ಅಂಚಿಗೆ
ಧೂಳಪ್ಪನವರ ಪೆನ್ಸಿಲಿನ ಕನ್ನಡ.
ಚೆಂಡು ಅಂಪೈರನ ಮುಖವಾಡದಲ್ಲಿ ‘ಲಾಡ್ಜ್’ ಆದರೆ, ಎನ್ನುತ್ತದೆ ಅದು.
ಭಾಲ್ಕಿಯ ಕೋಚು ನಕ್ಕರು, ಸಿಟ್ಟಿನ ನಗು:
‘ಲಾಡ್ಜ್ ಬಸ್‌ಸ್ಟ್ಯಾಂಡಿನ ಎದುರಿಗದ ಸರ್, ರಾತ್ರಿಗೆ ನಾನೂರು.
ಒಂದು ಉಸುರಿಗೆ ಯಾರೂ ಖೋಲಿ ಕೊಡಲ್ಲ.’

ಅಂಚಿನಲ್ಲಿ: ಸಿಕ್ಕಿಕೊಂಡರೆ. ಅದನ್ನು ಹೊಡೆದು ಹಾಕಿದೆ.
ನೆಲೆಸಿದರೆ. ಅದನ್ನೂ.
ತಂಗಿದರೆ. ಅದಕ್ಕೆ ಅಡಿಗೆರೆ, ಪಕ್ಕಕ್ಕೊಂದು ಪ್ರಶ್ನೆಚಿಹ್ನೆ,
ಯಾವ ವರ್ಷ ಹಾಕಿದ್ದೋ.

ಬೇರೆಯವರ ಮುಖಕ್ಕಾಗಿದ್ದರೆ ಸುಲಭವಿತ್ತು.
ಇಪ್ಪತ್ತೊಂದು ವರ್ಷ ಅವರು ಇಲ್ಲದಂತೆ ಇರುವುದನ್ನೇ ಕಲಿತದ್ದು,
ಕ್ಯಾಚರನ ಹೆಗಲ ಹಿಂದೆ, ಒಂದು ನೀಲಿ ಅಂಗಿಯಾಗಿ.
ಈಗ ಚೆಂಡು ಬಂದು ಬಾಗಿಲು ತಟ್ಟಿದೆ.
ಸಾಕ್ಷಿಯೂ ಅವರೇ, ಘಟನೆ ನಡೆದ ಜಾಗವೂ ಅವರೇ.

‘ಹೊಲಿಗೆ ನೋಡೀನಿ,’ ಅಂದರು ಮೆಲ್ಲಗೆ.
‘ಕಣ್ಣಿಂದ ಎರಡು ಬೆರಳು. ಕೆಂಪು ದಾರ. ಏಳು ಎಣಿಸಿದೆ.
ಹರಿದಾಡೋ ಚೆಂಡಿಂದು ಎಣಿಸ್ಲಿಕ್ಕೆ ಬರಲ್ಲ, ಮಾಳಪ್ಪ.’

ಮಾಳಪ್ಪ ತಲೆ ಕೆರೆದುಕೊಂಡರು.
ಪುಸ್ತಕ ನೋಡಿದರು, ಚೆಂಡು ನೋಡಿದರು, ಕಡೆಗೆ ‘ಹೂಂ’ ಅಂದರು.
ಝರೆಪ್ಪನಿಗೆ ಮೊದಲ ಬೇಸು. ಮುಜಮ್ಮಿಲ್‌ಗೆ ಮನೆ.
ಅವನು ಓಡಬೇಕಿರಲಿಲ್ಲ; ನಡೆದೇ ಬಂದ,
ಕರೆಯದ ಊಟಕ್ಕೆ ಬಂದವನ ಹಾಗೆ ಸುತ್ತ ನೋಡುತ್ತ
ಪ್ಲೇಟಿಗೆ ಒಂದು ಹೆಬ್ಬೆರಳು ತಾಗಿಸಿದ.

ಭಾಲ್ಕಿಯವರು ಕೈ ಕೊಡದೆ ಬಸ್ಸು ಹತ್ತಿದರು.
ನನ್ನ ಹಾಳೆಯಲ್ಲಿ ಐದು, ನಾಲ್ಕು.
‘ಹೇಗೆ’ ಎಂಬ ಮನೆ ಮಾತ್ರ ಖಾಲಿ:
ಝರೆಪ್ಪನದು ಸ್ಟ್ರೈಕೌಟು ಹೌದು, ಔಟು ಅಲ್ಲ,
ಮತ್ತು ನಡುವೆ ಒಬ್ಬ ಮನುಷ್ಯನ ಮುಖ.
ಏನು ಬರೀಲಿ ಸರ್, ಅಂತ ಕೇಳಿದೆ.

ಅವರ ಕೆನ್ನೆಯ ಮೇಲೆ ಒಂದು ಸರಳು ಅಡ್ಡಕ್ಕೆ ಮೂಡಿತ್ತು.
ನನ್ನ ಮೂಸಂಬಿ ಸುಲಿಯುತ್ತ
‘ಪೆನ್ಸಿಲಿಂದ ಬರಿ,’ ಅಂದರು.